ಹೆಲ್ತ್ ಬಾರ್ ಉದ್ದವಾದರೆ ಬಾಸ್ ದೊಡ್ಡವನಾಗಲ್ಲ

ಪ್ರಶ್ನೆ: ನಾನೂ ನನ್ನ ಗೆಳೆಯನೂ ಸೇರಿ ಒಂದು ಚಿಕ್ಕ ಆಕ್ಷನ್ ಗೇಮ್ ಮಾಡುತ್ತಿದ್ದೇವೆ. ಕೊನೆಯ ಬಾಸ್, ಅಂದರೆ ಕೊನೆಗೆ ಎದುರಾಗುವ ದೊಡ್ಡ ಶತ್ರು, ಯಾಕೋ ಸಪ್ಪೆ ಅನಿಸಿತು. ಅದಕ್ಕೆ ಅವನ ಹೆಲ್ತ್ (ಏಟು ತಾಳುವ ಶಕ್ತಿ) ಮೂರು ಪಟ್ಟು ಮಾಡಿದೆವು, ಹೊಡೆತವನ್ನೂ ಜೋರು ಮಾಡಿದೆವು. ಈಗ ಆಡಿದವರೆಲ್ಲ 'ಕಷ್ಟ ಇದೆ' ಅನ್ನುತ್ತಾರೆ. ಆದರೆ ಮಾರನೇ ದಿನ ಕೇಳಿದರೆ ಯಾರಿಗೂ ಏನೂ ನೆನಪಿರಲ್ಲ. ವರ್ಷಗಟ್ಟಲೆ ನೆನಪಿರುವ ಬಾಸ್ ಫೈಟ್‌ಗಳಲ್ಲಿ ಅಂಥದ್ದೇನಿರುತ್ತದೆ? ಕಷ್ಟ ಇದ್ದರೆ ಸಾಲದಾ?

ಉತ್ತರ: ಸಾಲದು. ಯಾಕೆ ಅಂತ ಹೇಳುವ ಮುಂಚೆ ನೀವೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮಗೆ ತುಂಬಾ ನೆನಪಿರುವ ಒಂದು ಬಾಸ್ ಫೈಟನ್ನು ಗೆಳೆಯನಿಗೆ ಕಥೆ ಹೇಳಿದ ಹಾಗೆ ಹೇಳಿ. 'ಅವನು ಹಾಗೆ ಮಾಡಿದ' ಅನ್ನುವಾಗ ನಿಮ್ಮ ದನಿ ಹೇಗಿರುತ್ತದೆ, 'ಆಗ ನಾನು ಹೀಗೆ ಮಾಡಿದೆ' ಅನ್ನುವಾಗ ಹೇಗಾಗುತ್ತದೆ ಅಂತ ಅವನು ಗಮನಿಸಲಿ. ನಾನು ಈ ಪ್ರಯೋಗವನ್ನು ಸಿಕ್ಕವರ ಮೇಲೆಲ್ಲ ಮಾಡಿದ್ದೇನೆ. ಕಥೆಗೆ ಜೀವ ಬರುವುದು 'ನಾನು' ಬಂದ ಕಡೆಯೇ. ಬಾಸ್ ಬೆಂಕಿ ಉಗುಳಿದ್ದು, ಸ್ಕ್ರೀನ್ ಅದುರಿದ್ದು, ಹಿಂದೆ ಮ್ಯೂಸಿಕ್ ಮೊಳಗಿದ್ದು ಎಲ್ಲ ಪಕ್ಕವಾದ್ಯ. ಆಟಗಾರನ ಕೈ ಅಲ್ಲಿ ಏನು ಮಾಡಿತು ಅನ್ನುವುದಕ್ಕೆ ನೆನಪು ಅಂಟಿಕೊಳ್ಳುತ್ತದೆ.

ಈಗ ನಿಮ್ಮ ಬಾಸ್‌ನ್ನು ನೋಡಿ. ಹೆಲ್ತ್ ಮೂರು ಪಟ್ಟಾಯಿತು. ಆಟಗಾರನ ಕೈಗೆ ಹೊಸ ಕೆಲಸ ಏನಾದರೂ ಸಿಕ್ಕಿತಾ? ಮೊದಲು ಇಪ್ಪತ್ತು ಸಲ ಹೊಡೆಯುತ್ತಿದ್ದವನು ಈಗ ಅರವತ್ತು ಸಲ ಹೊಡೆಯಬೇಕು, ಅಷ್ಟೇ. ಕೊನೆಯ ನಲವತ್ತು ಹೊಡೆತ ಹೊಡೆಯುವಾಗ ಅವನ ತಲೆಯಲ್ಲಿ ಬೇರೆ ಯೋಚನೆ ಓಡುತ್ತಿರುತ್ತದೆ.

ಶುರುವಿನಲ್ಲಿ ಬಾಸ್ ಅಂದರೆ ಕಾವಲುಗಾರನೇ. 1975ರಲ್ಲಿ ಅಮೆರಿಕದ ಪ್ಲೇಟೋ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಆಡುತ್ತಿದ್ದ ಡಿಎನ್‌ಡಿ ಅನ್ನುವ ಆಟದಲ್ಲಿ ಒಂದು ಚಿನ್ನದ ಡ್ರ್ಯಾಗನ್ ನಿಧಿ ಕಾಯುತ್ತಿತ್ತು. ಮೊದಲ ಬಾಸ್‌ಗಳಲ್ಲಿ ಅದೂ ಒಂದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 1980ರ ಫೀನಿಕ್ಸ್ ಅನ್ನುವ ಆರ್ಕೇಡ್ ಆಟ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಾಲ್ಕು ಸುತ್ತು ಹಕ್ಕಿಗಳನ್ನು ಹೊಡೆದ ಮೇಲೆ ಐದನೆಯದರಲ್ಲಿ ಒಂದು ದೊಡ್ಡ ಮದರ್‌ಶಿಪ್, ಅಂದರೆ ಶತ್ರುಗಳ ಮುಖ್ಯ ನೌಕೆ, ಇಳಿದು ಬರುತ್ತದೆ. ಅದರ ತಳವನ್ನು ಗುಂಡಿನಿಂದ ಕೊರೆದು ಕೊರೆದು ತೂತು ಮಾಡಿ, ಒಳಗೆ ಕೂತಿರುವವನಿಗೆ ಹೊಡೆಯಬೇಕು. ಅಲ್ಲಿಯವರೆಗೆ ಓಡುವ ಗುರಿಗೆ ಹೊಡೆಯುತ್ತಿದ್ದ ಕೈ ಈಗ ಗೋಡೆ ಕೊರೆಯುತ್ತದೆ. ಬಟನ್ ಅದೇ, ಕೆಲಸ ಬೇರೆ. ಅಷ್ಟು ಹಳೇ ಆಟದಲ್ಲೇ ಈ ಗುಟ್ಟು ಇತ್ತು ನೋಡಿ.

ಆಟಗಾರನಿಗೆ ಬಾಸ್ ಏನು ಕಲಿಸುತ್ತಾನೆ ಅನ್ನುವುದಕ್ಕೆ ನಾನು ಯಾವಾಗಲೂ 1987ರ ಪಂಚ್-ಔಟ್ ತೋರಿಸುತ್ತೇನೆ. ಅದು ಬಾಕ್ಸಿಂಗ್ ಆಟ, ಇಡೀ ಆಟವೇ ಬಾಸ್‌ಗಳ ಸಾಲು. ಗ್ರೇಟ್ ಟೈಗರ್ ಅನ್ನುವವನ ಪೇಟದಲ್ಲಿ ಒಂದು ಹರಳಿದೆ. ಗುದ್ದುವ ಮುಂಚೆ ಅದು ಮಿನುಗುತ್ತದೆ. ಮೊದಲ ಸಲ ಆಡುವವರು ಅವನ ಕೈಯನ್ನೇ ನೋಡುತ್ತಾ ಗುದ್ದು ತಿನ್ನುತ್ತಾರೆ. ಹರಳು ಕಣ್ಣಿಗೆ ಬಿದ್ದ ಕ್ಷಣದಿಂದ ಆಟವೇ ಬದಲಾಗುತ್ತದೆ. ಬಾಲ್ಡ್ ಬುಲ್ ಅಂತ ಇನ್ನೊಬ್ಬನಿದ್ದಾನೆ. ಅವನು ಹಗ್ಗದ ತನಕ ಹಿಂದೆ ಹೋಗಿ, ಗೂಳಿಯ ಹಾಗೆ ಕುಪ್ಪಳಿಸುತ್ತಾ ನುಗ್ಗಿ ಬರುತ್ತಾನೆ. ಸರಿಯಾದ ಕ್ಷಣಕ್ಕೆ ಹೊಟ್ಟೆಗೆ ಒಂದು ಗುದ್ದಿದರೆ ಒಂದೇ ಏಟಿಗೆ ಮಕಾಡೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ ನೀವೇ ಮಕಾಡೆ. ಕೊನೆಗೆ ಬರುವ ಮೈಕ್ ಟೈಸನ್ ಮೊದಲ ಸುತ್ತಿನ 90 ಸೆಕೆಂಡ್ ಎಸೆಯುವ ಅಪ್ಪರ್‌ಕಟ್‌ಗಳಲ್ಲಿ ಒಂದು ತಗುಲಿದರೂ ನೀವು ನೆಲಕ್ಕೆ. ಕೇಳಿದರೆ ಅನ್ಯಾಯ ಅನಿಸುತ್ತೆ ಅಲ್ವಾ? ಆದರೆ ಅಷ್ಟು ಹೊತ್ತಿಗೆ ಇಡೀ ಆಟ ನಿಮಗೆ ಒಂದೇ ಪಾಠ ಹೇಳಿರುತ್ತದೆ: ಸನ್ನೆ ನೋಡು, ಆಮೇಲೆ ಅಲುಗು. ಟೈಸನ್ ಬಂದು ಆ ಪಾಠವನ್ನೇ ಒಪ್ಪಿಸು ಅನ್ನುತ್ತಾನೆ.

ಈ 'ಪಾಠ ಒಪ್ಪಿಸುವ' ಬಾಸ್‌ಗಳಲ್ಲಿ ನನ್ನ ಪಾಲಿಗೆ ಎಲ್ಲರಿಗಿಂತ ಮೇಲು 2019ರ ಸೆಕಿರೋ ಅನ್ನುವ ಕತ್ತಿ ಕಾಳಗದ ಆಟದ ಗೆನಿಚಿರೋ. ಆಟದ ಶುರುವಿನಲ್ಲೇ ಇವನು ಸಿಗುತ್ತಾನೆ, ನಿಮ್ಮ ತೋಳು ಕತ್ತರಿಸುತ್ತಾನೆ. ನೀವು ಹೇಗೋ ಗೆದ್ದರೂ ತೋಳು ಹೋಗೇ ಹೋಗುತ್ತದೆ. ಆಮೇಲೆ ಎಷ್ಟೋ ಗಂಟೆ ಕಳೆದು ಕೋಟೆಯ ತುದಿಯಲ್ಲಿ ಮತ್ತೆ ಎದುರಾಗುತ್ತಾನೆ. ಅಲ್ಲಿಯವರೆಗೆ ಹೆಚ್ಚಿನವರು ಹಳೇ ಅಭ್ಯಾಸದಲ್ಲೇ ದಾಟಿರುತ್ತಾರೆ: ಎರಡು ಏಟು ಹೊಡಿ, ಹಿಂದೆ ಜಿಗಿ, ಕಾಯಿ. ಗೆನಿಚಿರೋ ಹತ್ತಿರ ಅದು ನಡೆಯಲ್ಲ. ನೀವು ಹಿಂದೆ ಸರಿದರೆ ಅವನ ಪಾಶ್ಚರ್ ಬಾರ್ (ಅವನ ಸಮತೋಲ ಎಷ್ಟು ಕುಸಿದಿದೆ ಅಂತ ತೋರಿಸುವ ಪಟ್ಟಿ) ಮತ್ತೆ ಸುಧಾರಿಸಿಕೊಳ್ಳುತ್ತದೆ. ದೂರ ನಿಂತರೆ ಬಿಲ್ಲು ಎತ್ತುತ್ತಾನೆ. ಹಾಗಾಗಿ ಅವನ ಮುಖಕ್ಕೆ ಮುಖ ಕೊಟ್ಟು ನಿಲ್ಲಲೇಬೇಕು, ಕತ್ತಿಗೆ ಕತ್ತಿ ತಾಗಿಸಲೇಬೇಕು. ಸರಿಯಾದ ಕ್ಷಣಕ್ಕೆ ತಡೆದಾಗ ಠಣ್ ಅಂತ ಒಂದು ಸದ್ದು, ಕಿತ್ತಳೆ ಬಣ್ಣದ ಕಿಡಿ. ಹತ್ತಿಪ್ಪತ್ತು ಸಲ ಸತ್ತ ಮೇಲೆ ಆ ಠಣ್ ಠಣ್‌ಗೆ ಒಂದು ತಾಳ ಇದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ತಲೆಗೆ ತಿಳಿಯೋದು ಅದಾದ ಮೇಲೆ.

ಎರಡು ಸಲ ಕೆಡವಿದ ಮೇಲೆ ಅವನು ಕವಚ ಕಳಚಿ ಎದ್ದು ನಿಲ್ಲುತ್ತಾನೆ, ಕತ್ತಿಗೆ ಸಿಡಿಲು ತುಂಬಿಕೊಂಡು ಮೇಲಿಂದ ಬರುತ್ತಾನೆ. ನೆಲದ ಮೇಲಿದ್ದರೆ ನಿಮ್ಮ ಕಥೆ ಮುಗಿದ ಹಾಗೇ. ಮಾಡಬೇಕಾದದ್ದು ಇಷ್ಟು: ಹಾರಬೇಕು, ಗಾಳಿಯಲ್ಲಿ ಇರುವಾಗಲೇ ಸಿಡಿಲಿನ ಏಟು ತಿನ್ನಬೇಕು, ಕಾಲು ನೆಲ ಮುಟ್ಟುವುದರೊಳಗೆ ಅಟ್ಯಾಕ್ ಒತ್ತಿ ಅದನ್ನು ಅವನಿಗೇ ವಾಪಸ್ ಎಸೆಯಬೇಕು. ಇಷ್ಟು ಹೊತ್ತು ಏಟು ತಪ್ಪಿಸಿಕೊಳ್ಳೋದು ಹೇಗೆ ಅಂತ ಕಲಿತ ಕೈ ಈಗ ಏಟು ತಿನ್ನಲೆಂದೇ ಹಾರಬೇಕು. ಕೈ ಒಪ್ಪಲ್ಲ. ಮೊದಲ ಸಲ ಸರಿಹೋದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ತಮಾಷೆ ಏನು ಗೊತ್ತಾ, ಆಟದ ಕೊನೆಯ ಬಾಸ್ ಇಶಿನ್ ಕೂಡ ತನ್ನ ಕೊನೆಯ ಹಂತದಲ್ಲಿ ಸಿಡಿಲು ಬಳಸುತ್ತಾನೆ. ಅಷ್ಟು ಹೊತ್ತಿಗೆ ಸಿಡಿಲು ಕಂಡರೆ ಆಟಗಾರನಿಗೆ ಖುಷಿ. ಬಾ, ಇದಕ್ಕೇ ಕಾಯ್ತಿದ್ದೆ ಅನ್ನುವಂತಿರುತ್ತದೆ.

ಸರಿ, ನಿಮ್ಮದು ಚಿಕ್ಕ ಆಟ. ಇಷ್ಟೆಲ್ಲ ಅನಿಮೇಶನ್ ಮಾಡೋರು ಯಾರು ಅಂತ ನೀವು ಕೇಳಬಹುದು. ನ್ಯಾಯವೇ. ಹಾಗಾದರೆ ಹಾಲೋ ನೈಟ್ ನೋಡಿ. 2017ರ ಆಟ, ಮಾಡಿದವರು ಬೆರಳೆಣಿಕೆಯಷ್ಟು ಜನ. ಅದರಲ್ಲಿ ಮ್ಯಾಂಟಿಸ್ ಲಾರ್ಡ್ಸ್ ಅಂತ ಮೂವರು ಎತ್ತರದ ಪೀಠಗಳ ಮೇಲೆ ಕೂತಿರುತ್ತಾರೆ. ಮೊದಲು ಒಬ್ಬಳು ಇಳಿದು ಬರುತ್ತಾಳೆ. ಅವಳ ಹತ್ತಿರ ಇರೋದೇ ಮೂರು ಪಟ್ಟುಗಳು: ಅಡ್ಡಕ್ಕೆ ನುಗ್ಗುವುದು, ಮೇಲಿಂದ ನೆಟ್ಟಗೆ ಬೀಳುವುದು, ಗೋಡೆ ಹಿಡಿದು ನಿಂತು ತಿರುಗಿ ಬರುವ ಆಯುಧ ಎಸೆಯುವುದು. ಮೂರಕ್ಕೂ ಉತ್ತರ ಬೇಗ ಸಿಗುತ್ತದೆ. ಅವಳು ಸೋತ ಕೂಡಲೇ ಉಳಿದ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. ಹೊಸ ಪಟ್ಟು ಒಂದೂ ಇಲ್ಲ. ಅದೇ ಮೂರು, ಇಬ್ಬರಿಂದ. ಆಟಗಾರನಿಗೆ ಎಲ್ಲವೂ ಗೊತ್ತು, ಆದರೂ ಎಲ್ಲವೂ ಹೊಸದು. ಡಿಸೈನ್ ದೃಷ್ಟಿಯಿಂದ ಇಷ್ಟು ಅಗ್ಗವಾಗಿ ಇಷ್ಟು ಒಳ್ಳೆಯ ಕೆಲಸ ಮಾಡಿದ ಬಾಸ್‌ಗಳು ಕಡಿಮೆ.

ಗೆದ್ದ ಮೇಲೆ ಆಗುವುದು ಇನ್ನೂ ಚೆಂದ. ಅವರು ಸಾಯುವುದಿಲ್ಲ. ಪೀಠಕ್ಕೆ ಮರಳಿ ತಲೆ ಬಾಗಿಸುತ್ತಾರೆ. ನೀವು ವಾಪಸ್ ಅವರ ಹಳ್ಳಿಯ ಮೂಲಕ ಹೋದರೆ, ಇಷ್ಟು ಹೊತ್ತು ಕಂಡಲ್ಲಿ ಮೇಲೆ ಬೀಳುತ್ತಿದ್ದ ಮ್ಯಾಂಟಿಸ್‌ಗಳೆಲ್ಲ ಸುಮ್ಮನೆ ನಿಂತು ತಲೆ ಬಾಗಿಸುತ್ತವೆ. ಒಂದು ಬಗ್ಗುವ ಅನಿಮೇಶನ್, ಜೊತೆಗೆ 'ಇನ್ನು ಅಟ್ಯಾಕ್ ಮಾಡಬೇಡ' ಅನ್ನುವ ಒಂದು ಬದಲಾವಣೆ. ಖರ್ಚು ಅಷ್ಟೇ. ಆ ಹಳ್ಳಿಯಲ್ಲಿ ಓಡದೆ ಮೆಲ್ಲಗೆ ನಡೆದುಕೊಂಡು ಹೋದೆ ಅಂತ ಹೇಳುವವರು ನನಗೆ ಸುಮಾರು ಜನ ಸಿಕ್ಕಿದ್ದಾರೆ. ನಾನೂ ಹಾಗೇ ಮಾಡಿದ್ದೆ.

ಆಟಗಾರನ ಕೈಯನ್ನು ಆಟದಿಂದ ಹೊರಗೇ ಎಳೆದು ತಂದವನೂ ಒಬ್ಬನಿದ್ದಾನೆ: 1998ರ ಮೆಟಲ್ ಗೇರ್ ಸಾಲಿಡ್‌ನ ಸೈಕೋ ಮ್ಯಾಂಟಿಸ್. ಬಾಸ್‌ಗಳ ಮಾತು ಬಂದರೆ ಎಲ್ಲರೂ ಇವನ ಹೆಸರು ಹೇಳುತ್ತಾರೆ, ಅದಕ್ಕೆ ಬೇಗ ಮುಗಿಸುತ್ತೇನೆ. ಇವನು ನಿಮ್ಮ ಮನಸ್ಸು ಓದುತ್ತೇನೆ ಅಂತ ಹೇಳಿ, ಮೆಮೊರಿ ಕಾರ್ಡ್‌ನಲ್ಲಿ ಅದೇ ಕಂಪನಿಯ ಬೇರೆ ಆಟಗಳ ಸೇವ್ ಇದ್ದರೆ ಅವುಗಳ ಬಗ್ಗೆ ಮಾತಾಡುತ್ತಾನೆ. ಕಂಟ್ರೋಲರನ್ನು ನೆಲದ ಮೇಲಿಡು ಅಂತ ಹೇಳಿ ಅದನ್ನು ಗುರ್ ಅಂತ ಅಲುಗಿಸುತ್ತಾನೆ. ನೀವು ಏನು ಒತ್ತಿದರೂ ಅವನಿಗೆ ಮೊದಲೇ ಗೊತ್ತು. ಉಪಾಯ ಏನಪ್ಪಾ ಅಂದರೆ ಕಂಟ್ರೋಲರನ್ನು ಕಿತ್ತು ಎರಡನೇ ಪೋರ್ಟಿಗೆ ಚುಚ್ಚಬೇಕು. ಕುಳಿತಲ್ಲಿಂದ ಎದ್ದು, ಮೆಷಿನ್ ಹತ್ತಿರ ಹೋಗಿ, ವೈರ್ ಕಿತ್ತು ಚುಚ್ಚಿದ ಕೈ ಅದನ್ನು ಹೇಗೆ ಮರೆಯುತ್ತದೆ ಹೇಳಿ?

ಅದೇ ಸರಣಿಯ ಮೂರನೆಯ ಆಟ 2004ರದ್ದು. ಅದರಲ್ಲಿ ದಿ ಎಂಡ್ ಅಂತ ಒಬ್ಬ ಮುದಿ ಸ್ನೈಪರ್. ಅವನ ಜೊತೆ ಕಾದಾಡುವಾಗ ಸೇವ್ ಮಾಡಿ, ಒಂದು ವಾರಕ್ಕಿಂತ ಜಾಸ್ತಿ ಬಿಟ್ಟು ಬಂದರೆ ವಯಸ್ಸಾಗಿ ತಾನೇ ಸತ್ತಿರುತ್ತಾನೆ. ಇದು ಕುಚೋದ್ಯ, ಆದರೆ ಜಾಣ ಕುಚೋದ್ಯ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಆಟದ ಕೊನೆ. ಬಿಳಿ ಹೂವಿನ ಬಯಲಲ್ಲಿ ನಿಮ್ಮನ್ನು ಬೆಳೆಸಿದ ಗುರುವಿನ ಜೊತೆಗೇ ಹತ್ತು ನಿಮಿಷದ ಕಾದಾಟ. ಗೆಲ್ಲುತ್ತೀರಿ. ಅವಳು ಹೂವಿನ ನಡುವೆ ಮಲಗಿರುತ್ತಾಳೆ, ನಿಮ್ಮ ಕೈಯಲ್ಲಿ ಬಂದೂಕು. ಕಟ್‌ಸೀನ್ (ಸುಮ್ಮನೆ ನೋಡುವ ದೃಶ್ಯ) ನಡೀತಿದೆ ಅಂತ ನೀವು ಸುಮ್ನೆ ನೋಡುತ್ತಾ ಕೂರುತ್ತೀರಿ. ಏನೂ ಆಗಲ್ಲ. ಇನ್ನೂ ಸ್ವಲ್ಪ ಹೊತ್ತು. ಆಮೇಲೆ ಹೊಳೆಯುತ್ತದೆ, ಟ್ರಿಗರ್ ಎಳೆಯಬೇಕಾದದ್ದು ನೀವೇ ಅಂತ. ಅದೇ ಬಟನ್ ಇಡೀ ಆಟದಲ್ಲಿ ನೂರಾರು ಸಲ ಒತ್ತಿದ್ದೀರಿ. ಈಗ ಬೆರಳು ಹೋಗಲ್ಲ. ಇಲ್ಲಿ ಕಷ್ಟದ ಮಾತೇ ಇಲ್ಲ ಗಮನಿಸಿ. ಮಗುವೂ ಒತ್ತಬಹುದಾದ ಒಂದು ಬಟನ್.

ಗೆಲ್ಲೋಕೆ ಮನಸ್ಸೇ ಬಾರದ ಫೈಟ್‌ಗಳ ಬಗ್ಗೆ ಇನ್ನೂ ಎರಡು ಮಾತು. 2011ರ ಡಾರ್ಕ್ ಸೋಲ್ಸ್‌ನಲ್ಲಿ ಸಿಫ್ ಅನ್ನುವ ದೊಡ್ಡ ತೋಳ ಬಾಯಲ್ಲಿ ಕತ್ತಿ ಕಚ್ಚಿಕೊಂಡು ತನ್ನ ಒಡೆಯನ ಸಮಾಧಿ ಕಾಯುತ್ತದೆ. ಹೆಲ್ತ್ ತಳ ಮುಟ್ಟುವ ಹೊತ್ತಿಗೆ ಅದು ಕುಂಟುತ್ತದೆ. ಕತ್ತಿ ಬೀಸಲು ಹೋಗಿ ತಾನೇ ತತ್ತರಿಸುತ್ತದೆ. ಮಿಕ್ಕ ಆಟಗಳಲ್ಲಿ ಬಾಸ್ ಕೊನೆಗೆ ರೊಚ್ಚಿಗೇಳುತ್ತಾನೆ, ಇಲ್ಲಿ ಸುಲಭವಾಗುತ್ತದೆ. ಆ ಸುಲಭವೇ ಹೊಟ್ಟೆ ಕಿವುಚುತ್ತದೆ. ಇನ್ನು 2005ರ ಶ್ಯಾಡೋ ಆಫ್ ದ ಕೊಲೋಸಸ್. ಅದರಲ್ಲಿ 16 ದೈತ್ಯರನ್ನು ಬಿಟ್ಟರೆ ಬೇರೆ ಶತ್ರುಗಳೇ ಇಲ್ಲ. ಹದಿಮೂರನೆಯದು ಮರಳುಗಾಡಿನ ಮೇಲೆ ಹಾರುವ ಉದ್ದನೆಯ ಜೀವಿ. ಅದು ನಿಮ್ಮ ಮೇಲೆ ಒಂದು ಸಲವೂ ದಾಳಿ ಮಾಡುವುದಿಲ್ಲ. ಅದರ ಗಾಳಿಚೀಲಗಳಿಗೆ ಬಾಣ ಬಿಟ್ಟು, ಅದು ಕೆಳಗಿಳಿದಾಗ ಕುದುರೆ ಓಡಿಸಿಕೊಂಡು ಹೋಗಿ, ಮರಳಿಗೆ ತಾಗುವ ರೆಕ್ಕೆಗೆ ಕುದುರೆಯಿಂದಲೇ ಜಿಗಿದು ಜೋತು ಬೀಳಬೇಕು. ರೋಮಾಂಚನ ಅಂದರೆ ಅದು. ಕೊಂದ ಮೇಲೆ ವಿಜಯದ ಮ್ಯೂಸಿಕ್ ಬರಲ್ಲ, ದುಃಖದ ರಾಗ ಬರುತ್ತದೆ. ತನ್ನ ಪಾಡಿಗೆ ಹಾರಾಡಿಕೊಂಡಿದ್ದದ್ದನ್ನು ನೀವೇ ಹುಡುಕಿಕೊಂಡು ಬಂದು ಕೊಂದಿರಿ.

ಹಾಗಂತ ಕಷ್ಟಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಕಷ್ಟ ಇದ್ದರೆ ಆಟಗಾರ ಮತ್ತೆ ಮತ್ತೆ ಬರುತ್ತಾನೆ, ಮತ್ತೆ ಮತ್ತೆ ಬಂದರೆ ಕೈ ಕಲಿಯುತ್ತದೆ. ಕಲಿಯುವುದಕ್ಕೆ ಅಲ್ಲಿ ಏನಾದರೂ ಇರಬೇಕಷ್ಟೇ. ಡಾರ್ಕ್ ಸೋಲ್ಸ್‌ನ ಓರ್ನ್‌ಸ್ಟೀನ್ ಮತ್ತು ಸ್ಮೋ ಜೋಡಿಯನ್ನೇ ತಗೊಳ್ಳಿ. ಒಬ್ಬ ತೆಳ್ಳಗೆ, ಈಟಿ ಹಿಡಿದು ಸರ್ರನೆ ನುಗ್ಗುವವನು. ಇನ್ನೊಬ್ಬ ಡೊಳ್ಳುಹೊಟ್ಟೆಯ ಸುತ್ತಿಗೆಯವನು. ಒಬ್ಬ ಸತ್ತರೆ ಇನ್ನೊಬ್ಬ ಅವನ ಶಕ್ತಿ ಹೀರಿಕೊಂಡು ಪೂರ್ತಿ ಹೆಲ್ತ್‌ನೊಂದಿಗೆ ಮೇಲೇಳುತ್ತಾನೆ. ಅಂದರೆ ಮೊದಲು ಯಾರನ್ನು ಕೊಲ್ಲಬೇಕು ಅನ್ನುವ ನಿರ್ಧಾರ ನಿಮ್ಮದು, ಅದರ ಫಲ ಉಣ್ಣುವವರೂ ನೀವೇ. ಇಂದಿಗೂ ಇಬ್ಬರು ಆಟಗಾರರು ಸೇರಿದರೆ 'ನೀನು ಮೊದಲು ಯಾರನ್ನು ಹೊಡೆದೆ?' ಅಂತ ಕೇಳಿಕೊಳ್ಳುತ್ತಾರೆ. ಆ ಹಾಲ್‌ನ ಕಂಬಗಳ ಮರೆಯಲ್ಲಿ ಉಸಿರು ತಗೊಂಡ ನೆನಪು ಎಲ್ಲರಿಗೂ ಇರುತ್ತದೆ.

ಆಟಗಾರನನ್ನು ಸಾಯಿಸಿದ ಮೇಲೆ ನಿಮ್ಮ ಆಟ ಏನು ಮಾಡುತ್ತದೆ ಅನ್ನುವುದೂ ಮುಖ್ಯ. ಕಪ್‌ಹೆಡ್ ಅಂತ 2017ರ ಕಾರ್ಟೂನ್ ಶೈಲಿಯ ಆಟವಿದೆ. ಫೈಟ್ ನಡೆಯುವಾಗ ಬಾಸ್‌ನ ಹೆಲ್ತ್ ಕಾಣಿಸುವುದೇ ಇಲ್ಲ. ನೀವು ಸತ್ತಾಗ ಮಾತ್ರ ಒಂದು ಗೆರೆ ಬರುತ್ತದೆ, ಅದರ ತುದಿಯಲ್ಲಿ ಬಾವುಟ, ನಿಮ್ಮ ಪುಟ್ಟ ಬೊಂಬೆ ಗೆರೆಯ ಮೇಲೆ ಓಡಿ ಎಲ್ಲಿ ನಿಂತಿತು ಅಂತ ತೋರಿಸುತ್ತದೆ. ಛೆ, ಇನ್ನು ಒಂದು ಬೆರಳಷ್ಟು ಇತ್ತು ಅಂತ ಗೊತ್ತಾದವನು ಆಟ ಬಿಟ್ಟು ಏಳುತ್ತಾನಾ? ಬಾಗಿಲಿನಿಂದ ಬಾಸ್ ತನಕ ಮತ್ತೆ ಓಡಿಸುವ ಶಿಕ್ಷೆಯನ್ನಂತೂ ದಯವಿಟ್ಟು ಕೊಡಬೇಡಿ. ಹಾಗೆ ಓಡಿಸುವುದಕ್ಕೆ ಹೆಸರಾದ ಡಾರ್ಕ್ ಸೋಲ್ಸ್ ತಂಡವೇ 2022ರ ಎಲ್ಡನ್ ರಿಂಗ್‌ನಲ್ಲಿ ಬಹಳಷ್ಟು ಬಾಸ್‌ಗಳ ಹತ್ತಿರದಲ್ಲೇ ಮತ್ತೆ ಹುಟ್ಟುವ ಜಾಗ ಇಟ್ಟಿತು.

ತಪ್ಪಿದ ಉದಾಹರಣೆ ಒಂದನ್ನು ಹೇಳದಿದ್ದರೆ ಮಾತು ಅರ್ಧ. 2011ರ ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ಒಳ್ಳೆಯ ಆಟ. ಕದ್ದು ನುಸುಳಬಹುದು, ಹ್ಯಾಕ್ ಮಾಡಬಹುದು, ಮಾತಲ್ಲೇ ಗೆಲ್ಲಬಹುದು. ಹಾಗೆ ಆಡಿಕೊಂಡು ಬಂದವರನ್ನು ಬಾಸ್ ಕೋಣೆಗೆ ನೂಕಿ ಬಾಗಿಲು ಹಾಕಿ, ಈಗ ಗುಂಡು ಹಾರಿಸು ಅಂದಿತು. ಜನ ಬೈದರು. 2013ರ ಡೈರೆಕ್ಟರ್ಸ್ ಕಟ್ ಅನ್ನುವ ಅದರ ಹೊಸ ಆವೃತ್ತಿಯಲ್ಲಿ ಆ ಫೈಟ್‌ಗಳಿಗೆ ಬೇರೆ ದಾರಿಗಳನ್ನು ಸೇರಿಸಬೇಕಾಯಿತು. ಅದೇ 2011ರಲ್ಲಿ ಬಂದ ಬ್ಯಾಟ್‌ಮನ್: ಆರ್ಕಮ್ ಸಿಟಿಯ ಮಿಸ್ಟರ್ ಫ್ರೀಜ್ ನೋಡಿ. ನೀವು ಒಂದು ಉಪಾಯದಿಂದ ಹೊಡೆದರೆ ಆ ಉಪಾಯದ ದಾರಿ ಮುಚ್ಚಿಬಿಡುತ್ತಾನೆ. ಮತ್ತೆ ಅದು ನಡೆಯಲ್ಲ, ಬೇರೆ ಹುಡುಕಬೇಕು. ಆಟದುದ್ದಕ್ಕೂ ಕಲಿತ ಒಂದೊಂದು ಪಟ್ಟೂ ಅಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ನಿಮ್ಮ ಬಾಸ್. ಹೆಲ್ತ್ ಮೊದಲಿದ್ದಷ್ಟೇ ಮಾಡಿ. ಆಮೇಲೆ ಒಂದು ಹಾಳೆ ತಗೊಂಡು ನಿಮ್ಮ ಆಟಗಾರನಿಗೆ ಬರುವ ಕೆಲಸಗಳನ್ನೆಲ್ಲ ಬರೆಯಿರಿ: ಹಾರುವುದು, ಉರುಳುವುದು, ತಡೆಯುವುದು, ಎಸೆಯುವುದು, ಏನೇನಿದೆಯೋ ಅದು. ಈ ಬಾಸ್ ಎದುರು ಅದರಲ್ಲಿ ಎಷ್ಟು ಬಳಕೆಯಾಗುತ್ತದೆ? ನಿಮ್ಮ ಪತ್ರ ನೋಡಿದರೆ ಒಂದೇ ಅನ್ನುವುದು ನನ್ನ ಅನುಮಾನ, ಹೊಡೆಯುವುದು. ಬಳಕೆಯಾಗದೆ ಉಳಿದಿರುವ ಕೆಲಸಗಳಲ್ಲಿ ಒಂದನ್ನು ಆರಿಸಿ, ಅದಿಲ್ಲದೆ ಗೆಲ್ಲೋಕೆ ಆಗದ ಹಾಗೆ ಫೈಟ್‌ನ ಎರಡನೇ ಅರ್ಧ ಕಟ್ಟಿ. ಹೊಸ ಅಟ್ಯಾಕ್ ಬೇಡ, ಇರುವುದನ್ನೇ ತಿರುಗಿಸಿ. ಪ್ರತಿ ಅಟ್ಯಾಕ್‌ಗೂ ಮುಂಚೆ ಒಂದು ಸನ್ನೆ ಇರಲಿ. ಸತ್ತವನಿಗೆ 'ನನ್ನದೇ ತಪ್ಪು' ಅನಿಸುವಷ್ಟು ಸ್ಪಷ್ಟವಾಗಿರಲಿ, ಮೊದಲ ಸಲಕ್ಕೇ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರಲಿ. ಪೇಟದ ಹರಳಿನ ಹಾಗೆ.

ಟೆಸ್ಟ್ ಮಾಡಿಸುವಾಗ ಸ್ಕ್ರೀನ್ ನೋಡಬೇಡಿ, ಆಡುವವರ ಕೈ ನೋಡಿ. ಒಂದೇ ಬಟನ್ ಮೇಲೆ ಬೆರಳು ಟಕಟಕ ಕುಟ್ಟುತ್ತಿದ್ದರೆ ಆ ಭಾಗ ಕತ್ತರಿಸಿ. ಬೆರಳು ಒಂದು ಗಳಿಗೆ ನಿಂತು ಆಮೇಲೆ ಒತ್ತಿದರೆ ಅದನ್ನು ಮುಟ್ಟಬೇಡಿ, ನಿಮ್ಮ ಬಾಸ್ ಇರೋದು ಅಲ್ಲೇ. ಹಳೇ ಬಿಲ್ಡನ್ನೂ (ಈಗಿರುವ ಆಟದ ಆವೃತ್ತಿಯನ್ನೂ) ಅಳಿಸದೆ ಇಟ್ಟುಕೊಂಡು ಕೆಲವು ಹೊಸಬರಿಗೆ ಅದನ್ನು, ಕೆಲವರಿಗೆ ಇದನ್ನು ಕೊಡಿ. ಈಗಾಗಲೇ ಆಡಿದವರು ಬೇಡ, ಅವರ ಕೈಗೆ ಅರವತ್ತು ಏಟಿನ ಅಭ್ಯಾಸ ಹತ್ತಿಬಿಟ್ಟಿದೆ. ಮಾರನೇ ದಿನ ಫೋನ್ ಮಾಡಿ 'ಚೆನ್ನಾಗಿತ್ತಾ' ಅಂತ ಕೇಳಬೇಡಿ, 'ನೀನು ಏನು ಮಾಡಿದೆ ಹೇಳು' ಅಂತ ಕೇಳಿ.